ಇಸ್ರೇಲಿನ ಮೋಡ, ಇಸ್ರೇಲಿನ ಮಳೆ



ಕಳೆದ ಸಾಮಾನ್ಯ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ಕೇಳಿದ ಪ್ರಶ್ನೆಗೆ ನಾವು ಅಂದು ಸರಿಯಾದ ಉತ್ತರ ಕೊಡಲಾಗಲಿಲ್ಲ. ಹೂಮಳೆ ಕೈಕೊಟ್ಟ ವರ್ಷ ಅದು. ಕೆರೆಯಲ್ಲಿ ನೀರಿಲ್ಲದ, ಸ್ಪ್ರಿಂಕ್ಲರ್ ಕೊಳ್ಳಲಾಗದ ಸಣ್ಣ ಹಿಡುವಳಿದಾರರ ರೊಬಸ್ಟಾ ಮೊಗ್ಗು ಗಿಡದಲ್ಲೇ ಒಣಗಿತ್ತು. "ಇಸ್ರೇಲಿನವರು ಮೋಡಕ್ಕೆ ಔಷಧಿ ಹೊಡೆದು ಮಳೆ ತರಿಸ್ತಾರಂತೆ. ನಮ್ಮ ಸಂಘ ಎಕರೆಗಿಷ್ಟು ಅಂತ ವಂತಿಗೆ ಎತ್ತಿ ಯಾಕೆ ಮಾಡಿಸಬಾರದು?" ಎಂದು ಅವರು ಕೇಳಿದರು. ಚಪ್ಪಾಳೆಯೂ ಬಿತ್ತು. ವಿಷಯ ಮುಂದಿನ ಸಭೆಗೆ ಹೋಗಿದೆ. ಸದಸ್ಯರ ಹಣದ ಮಾತಾದ್ದರಿಂದ, ಈ ಬಗ್ಗೆ ನಾವು ಓದಿ ತಿಳಿದದ್ದನ್ನು ಸಭೆಗೆ ಮುಂಚೆಯೇ ತಮ್ಮ ಮುಂದಿಡುತ್ತಿದ್ದೇವೆ.

ಇಸ್ರೇಲ್ ಮೆಡಿಟರೇನಿಯನ್ ಸಮುದ್ರದ ಪೂರ್ವ ದಂಡೆಯ ಕಿರಿದಾದ ನಾಡು. ಅಲ್ಲಿನ ಮಳೆಗಾಲ ನಮ್ಮದಕ್ಕೆ ತಿರುವುಮುರುವು. ನಾವು ಗೊರಬು, ಕಂಬಳಿ ಹುಡುಕುವ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿ ಆಕಾಶ ಒಣ ಒಣ. ಅಕ್ಟೋಬರಿನಲ್ಲಿ ಶುರುವಾಗುವ ಮಳೆ ಮೇ ತಿಂಗಳ ಹೊತ್ತಿಗೆ ಮುಗಿಯುತ್ತದೆ. ಬಹುಪಾಲು ಸುರಿಯುವುದು ಡಿಸೆಂಬರಿನಿಂದ ಫೆಬ್ರವರಿಯ ಒಳಗೆ. ಮೊದಲ ಮಳೆಗೆ 'ಯೋರೆ', ಕೊನೆಯ ಮಳೆಗೆ 'ಮಲ್ಕೋಶ್' ಎಂದು ಹೀಬ್ರೂ ಭಾಷೆಯಲ್ಲಿ ಬೈಬಲಿನ ಕಾಲದಿಂದಲೂ ಹೆಸರಿದೆ. ನಮಗೆ ಭರಣಿ, ಆರಿದ್ರಾ ಇದ್ದಂತೆ.

ಉತ್ತರದ ಗಲಿಲೀ ಬೆಟ್ಟಗಳ ಎತ್ತರದಲ್ಲಿ ವರ್ಷಕ್ಕೆ ಸುಮಾರು 900 ಮಿ.ಮೀ. ಮಳೆ. ಜೆರುಸಲೇಮಿನಲ್ಲಿ ಸುಮಾರು 550. ದಕ್ಷಿಣದ ತುದಿಯ ಐಲಾತಿನಲ್ಲಿ ಸರಾಸರಿ 30 ಮಿ.ಮೀ. ಕೂಡ ದಾಟದು, ನಮ್ಮ ಇಂಚಿನ ಲೆಕ್ಕಕ್ಕೆ, ಅವರ ಇಡೀ ವರ್ಷದ ಮಳೆ ನಮ್ಮಲ್ಲಿ ಒಂದು ಒಳ್ಳೆಯ ಹೂಮಳೆ. ಜೆರುಸಲೇಮಿನಿಂದ ಪೂರ್ವಕ್ಕೆ ಇಳಿದು ಮೃತ ಸಮುದ್ರದ ದಂಡೆಗೆ ಹೋದರೆ, ಅಷ್ಟು ಸಣ್ಣ ದೂರದಲ್ಲೇ ಮಳೆ 100 ಮಿ.ಮೀ.ಗಿಂತ ಕೆಳಗಿಳಿಯುತ್ತದೆ. ಪಶ್ಚಿಮದ ಕಡಲಿನಿಂದ ಬರುವ ಗಾಳಿ ಬೆಟ್ಟಸಾಲಿನ ಈಚೆ ಬದಿಗೆ ನೀರು ಸುರಿದು, ಆಚೆ ಬದಿಗೆ ಬರಿಗೈಯಲ್ಲಿ ಇಳಿಯುತ್ತದೆ. ಆಗುಂಬೆಯಲ್ಲಿ 7,000 ಮಿ.ಮೀ. ಮೀರುವ ಮಳೆ ಕಡೂರಿಗೆ ಬರುವಾಗ ಹತ್ತರಲ್ಲಿ ಒಂದು ಪಾಲೂ ಉಳಿಯದ್ದನ್ನು ಕಂಡಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಮೋಡ ಬಿತ್ತನೆ. ಇಸ್ರೇಲಿನವರು ಇದನ್ನು ಮಾಡಿದ್ದು ನಿಜ, ಬಹಳ ಶಿಸ್ತಿನಿಂದಲೇ ಮಾಡಿದರು. 1961ರಿಂದ 1967ರವರೆಗಿನ ಮೊದಲ ಪ್ರಯೋಗದಲ್ಲಿ ಉತ್ತರ ಮತ್ತು ಮಧ್ಯ ಭಾಗಗಳನ್ನು ಎರಡು ಹೊಲಗಳಂತೆ ಇಟ್ಟುಕೊಂಡರು. ಯಾವ ದಿನ ಯಾವ ಹೊಲದ ಮೇಲಿನ ಮೋಡಕ್ಕೆ ವಿಮಾನದಿಂದ ಸಿಲ್ವರ್ ಅಯೋಡೈಡ್ ಬಿಡಬೇಕು ಎಂಬುದನ್ನು ವಿಜ್ಞಾನಿಗಳ ಇಷ್ಟಕ್ಕೆ ಬಿಡದೆ, ಚೀಟಿ ಎತ್ತಿದ ಹಾಗೆ ಮೊದಲೇ ಗೊತ್ತುಮಾಡಿದ್ದರು. ಒಳ್ಳೆಯ ಮೋಡ ಬಂದ ದಿನ ನೋಡಿ ಬಿತ್ತಿ, ಮಳೆ ನಮ್ಮಿಂದಲೇ ಬಂತು ಎನ್ನುವ ಅವಕಾಶವೇ ಇರಕೂಡದೆಂದು ಈ ಏರ್ಪಾಡು. ಫಲ ನೂರಕ್ಕೆ 15ರಷ್ಟು ಹೆಚ್ಚು ಮಳೆ ಎಂದು ಬಂತು. 1969ರಿಂದ 1975ರ ಎರಡನೆಯ ಪ್ರಯೋಗದಲ್ಲಿ ಉತ್ತರ ಭಾಗಕ್ಕೆ ನೂರಕ್ಕೆ 13 ಎಂದರು. ಜಗತ್ತಿನಲ್ಲೆಲ್ಲ ಇಸ್ರೇಲಿನ ಹೆಸರು ಹಬ್ಬಿತು. ನಮ್ಮ ಸದಸ್ಯರ ಕಿವಿಗೆ ಬಿದ್ದಿರುವುದೂ ಆ ಕಾಲದ ಸುದ್ದಿಯೇ. ಗಲಿಲೀ ಸರೋವರಕ್ಕೆ ನೀರು ಹೆಚ್ಚಿಸಲೆಂದು ಉತ್ತರದಲ್ಲಿ ಪ್ರತಿ ಚಳಿಗಾಲ ಬಿತ್ತನೆ ನಡೆಯಿತು.

ಕತೆ ಇಲ್ಲಿಗೆ ಮುಗಿಯಲಿಲ್ಲ. ಮೊದಲ ಪ್ರಯೋಗದಲ್ಲಿ ಎರಡು ಹೊಲಗಳ ನಡುವೆ ಬದುವಿನಂತೆ ಒಂದು ಪಟ್ಟಿಯನ್ನು ಬಿತ್ತದೆ ಬಿಟ್ಟಿದ್ದರು. ಲೆಕ್ಕ ಹಾಕಿ ನೋಡಿದಾಗ ಮಳೆ ಎಲ್ಲಕ್ಕಿಂತ ಹೆಚ್ಚಿದಂತೆ ಕಂಡದ್ದು ಆ ಬದುವಿನಲ್ಲೇ! ಎರಡನೆಯ ಪ್ರಯೋಗದ ದಕ್ಷಿಣ ಭಾಗದ ಅಂಕಿಗಳು ಪೂರ್ತಿಯಾಗಿ ಹೊರಬಂದದ್ದು 1990ರಲ್ಲಿ. ಅಲ್ಲಿ ಲಾಭವಿರಲಿಲ್ಲ, ಎರಡೂ ಭಾಗ ಕೂಡಿಸಿದರೆ ಗಳಿಕೆ ಕರಗಿಹೋಗುತ್ತಿತ್ತು. ಆ ಮೋಡಗಳಲ್ಲಿ ಹಿಮಕಣ ಕಡಿಮೆ, ಆದ್ದರಿಂದ ಬಿತ್ತನೆ ಫಲಿಸುತ್ತದೆ ಎಂಬುದು ಮೊದಲಿನ ನಂಬಿಕೆ. ಅವು ತಮ್ಮಷ್ಟಕ್ಕೆ ತಾವೇ ಬೇಕಾದಷ್ಟು ಹಿಮಕಣ ಕಟ್ಟಿಕೊಳ್ಳುತ್ತವೆ ಎಂದು ನಂತರದ ಅಳತೆಗಳು ತೋರಿಸಿದವು. ಕೊನೆಗೆ 2013ರಿಂದ 2020ರವರೆಗೆ ಉತ್ತರದಲ್ಲೇ ಇನ್ನೊಮ್ಮೆ ಚೀಟಿ ಎತ್ತಿ ಪರೀಕ್ಷೆ ಮಾಡಿದರು. 2023ರಲ್ಲಿ ಪ್ರಕಟವಾದ ಫಲ: ನೂರಕ್ಕೆ 1.8. ಅದೂ ಆಕಸ್ಮಿಕವಾಗಿ ಬಂದಿರಬಹುದಾದಷ್ಟೇ ಸಣ್ಣದು. ಖರ್ಚು ಗಿಟ್ಟದೆಂದು ಕೈಬಿಟ್ಟರು.

ನಮ್ಮ ರಾಜ್ಯದಲ್ಲೂ 2003ರಲ್ಲಿ 'ವರುಣ', 2017ರಲ್ಲಿ 'ವರ್ಷಧಾರಿ' ಎಂಬ ಹೆಸರಿನಲ್ಲಿ ಮೋಡ ಬಿತ್ತನೆ ನಡೆದದ್ದು ತಮಗೆ ನೆನಪಿರಬಹುದು. ಅವೆರಡೂ ಮುಂಗಾರಿನ ಮೋಡ ತೇಲುತ್ತಿದ್ದ ಕಾಲದ ಮಾತು. ನಮಗೆ ಮಳೆ ಬೇಕಾಗುವುದು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ. ಆಗ ತಲೆ ಎತ್ತಿದರೆ ಕಾಣುವುದು ಬರೀ ನೀಲಿ. ಬಿತ್ತಲು ಹೊಲವೇ ಇಲ್ಲದಿದ್ದರೆ ಬೀಜ ಕೊಂಡು ಏನು ಮಾಡೋಣ? ವಂತಿಗೆಯ ಠರಾವಿಗೆ ಕಾರ್ಯದರ್ಶಿಯಾಗಿ ನಮ್ಮ ಸಮ್ಮತಿ ಇಲ್ಲವೆಂದು ಇಲ್ಲಿಯೇ ತಿಳಿಸಿಬಿಡುತ್ತೇವೆ.

ಆದರೆ ಅದೇ ದೇಶದ ಬೇರೆ ಕೆಲವರ ಕೆಲಸ ನಮ್ಮ ಮನಸ್ಸಿಗೆ ಹಿಡಿಯಿತು. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರಜ್ಞ ಡೇವಿಡ್ ಶರೋನ್, ದಕ್ಷಿಣದ ಮರುಭೂಮಿಯಲ್ಲಿ ಮಳೆ ತುಂಡು ತುಂಡಾಗಿ ಬೀಳುವುದನ್ನು ಅಳೆದು 1972ರಲ್ಲಿ ಬರೆದರು. ಒಂದು ಕಡೆ ಚೆನ್ನಾಗಿ ಹೊಯ್ದರೆ ಸ್ವಲ್ಪ ದೂರದಲ್ಲಿ ನೆಲವೇ ನೆನೆದಿರುವುದಿಲ್ಲ. ಮುಂದೆ ಅವರು ಇಳಿಜಾರಿನ ಮೇಲೆ ಬೀಳುವ ಮಳೆಯ ಲೆಕ್ಕವನ್ನೂ ಹಿಡಿದರು. ಗಾಳಿಮಳೆ ಓರೆಯಾಗಿ ಬೀಳುತ್ತದೆ. ಗಾಳಿಗೆ ಎದುರಾದ ಇಳಿಜಾರಿಗೆ ಹೆಚ್ಚು, ಬೆನ್ನು ತಿರುಗಿಸಿದ ಇಳಿಜಾರಿಗೆ ಕಡಿಮೆ. ಬಾಯಿ ಮೇಲೆ ಮಾಡಿ ನೆಟ್ಟಗೆ ಕೂತ ಮಳೆಮಾಪಕಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಇದನ್ನು ಓದುವಾಗ ನಮಗೆ ನಮ್ಮದೇ ಒಂದು ನಷ್ಟ ನೆನಪಾಯಿತು. ಕೆಲವು ವರ್ಷಗಳ ಹಿಂದೆ, ಎರಡು ಮೈಲಿ ಆಚೆಯ ನೆಂಟರು ಫೋನಿನಲ್ಲಿ "ಒಂದು ಇಂಚು ಇಪ್ಪತ್ತು ಸೆಂಟ್ಸ್ ಭಾವ, ಹೂವಿಗೆ ಸಾಕು" ಎಂದದ್ದನ್ನೇ ನಂಬಿ ನಾವು ಪಂಪ್‌ಸೆಟ್ ಇಳಿಸಲಿಲ್ಲ. ನಮ್ಮ ಮಾಪಕ ಒಡೆದು ಕೊಟ್ಟಿಗೆಯಲ್ಲಿ ಬಿದ್ದಿತ್ತು. ನಮ್ಮಲ್ಲಿ ಬಿದ್ದದ್ದು ಬಹುಶಃ ಅದರ ಮೂರನೆಯ ಒಂದು ಪಾಲು. ಅರೆ ಬಿರಿದ ಹೂವು ಕಂದಿಹೋಯಿತು. ಆ ಬ್ಲಾಕಿನ ಫಸಲು ಎಷ್ಟು ಎಂದು ಬರೆಯಲು ಈಗಲೂ ನಾಚಿಕೆ.

ಇನ್ನೊಬ್ಬರು ಸಸ್ಯಶಾಸ್ತ್ರಜ್ಞ ಮೈಕೇಲ್ ಎವೆನಾರಿ. ಲೆಸ್ಲಿ ಶಾನನ್, ನಫ್ತಾಲಿ ತದ್ಮೋರ್ ಎಂಬ ಜೊತೆಗಾರರೊಂದಿಗೆ 1950ರ ದಶಕದ ಕೊನೆಯಲ್ಲಿ ನೆಗೆವ್ ಮರುಭೂಮಿಯ ಶಿವ್ತಾ, ಅವ್ದಾತ್ ಎಂಬ ಎರಡು ಕಡೆ ಪುರಾತನ ಕಾಲದ ತೋಟಗಳನ್ನು ಮತ್ತೆ ಕಟ್ಟಿದರು. ಅಲ್ಲಿ ವರ್ಷಕ್ಕೆ 100 ಮಿ.ಮೀ. ಮಳೆಯೂ ಖಾತ್ರಿಯಿಲ್ಲ. ಮೊದಲ ಹನಿಗಳಿಗೇ ಅಲ್ಲಿನ ಮಣ್ಣಿನ ಮೇಲ್ಮೈ ಹೊರೆಗಟ್ಟುತ್ತದೆ, ನೀರು ಇಂಗದೆ ಹರಿಯುತ್ತದೆ. ಸುತ್ತಲ ಗುಡ್ಡದ ಇಪ್ಪತ್ತು ಮೂವತ್ತು ಎಕರೆಯ ನೀರನ್ನು ಕಾಲುವೆಯಲ್ಲಿ ತಿರುಗಿಸಿ ತಗ್ಗಿನ ಒಂದೇ ಎಕರೆಗೆ ಕೊಟ್ಟು ಬಾದಾಮಿ, ಪೀಚ್, ದ್ರಾಕ್ಷಿ ಬೆಳೆದರು. ಅವರ ಅಳತೆಯಲ್ಲಿ ಹೊರಬಿದ್ದ ಒಂದು ಸಂಗತಿ ನಮ್ಮಂಥ ಸಣ್ಣವರಿಗೆ ಸಂತೋಷ ಕೊಡುವಂಥದು: ದೊಡ್ಡ ಹಳ್ಳಕ್ಕಿಂತ ಸಣ್ಣ ಸಣ್ಣ ಗುಡ್ಡದ ತುಂಡುಗಳೇ ಎಕರೆವಾರು ಬಹಳ ಹೆಚ್ಚು ನೀರು ಕೊಡುತ್ತವೆ. ದೂರ ಹರಿದಷ್ಟೂ ನೀರು ದಾರಿಯಲ್ಲೇ ಇಂಗಿ ಕಳೆಯುತ್ತದೆ.

ನಮ್ಮ ಕಷ್ಟ ಅದಕ್ಕೆ ತದ್ವಿರುದ್ಧ. ಅವರಿಗೆ ನೀರು ಹರಿದು ಬರಬೇಕು. ನಮಗೆ ಜುಲೈನಲ್ಲಿ ಹರಿದು ಹೋಗುವುದನ್ನು ನಿಲ್ಲಿಸಬೇಕು. ಆದ್ದರಿಂದ ಅವರ ಕಾಲುವೆಯನ್ನು ನಕಲು ಮಾಡಬೇಡಿ, ಅಡಿಕೆ ತೋಟದಲ್ಲಂತೂ ನೀರು ನಿಂತರೆ ಬೇರೇ ಕೊಳೆತೀತು. ಬಸಿಗಾಲುವೆ ಬೇಕೇ ಬೇಕು. ಆದರೆ ಕಾಫಿಯ ಇಳಿಜಾರಿನಲ್ಲಿ ತೊಟ್ಟಿಲು ಗುಂಡಿ ತೆಗೆಯುವಾಗ ನೀರು ಮೇಲೆಯೇ, ಹುಟ್ಟಿದ ಜಾಗದಲ್ಲೇ ನಿಲ್ಲುವಂತೆ ನೋಡಿ. ಕೆಳಗೆ ಒಂದು ದೊಡ್ಡ ಹೊಂಡಕ್ಕಿಂತ ಮೇಲೆ ಹತ್ತು ಸಣ್ಣ ಗುಂಡಿ ಲೇಸೆಂಬುದು ನಮ್ಮ ಅನುಭವವೂ ಹೌದು.

ವಂತಿಗೆಯ ಬದಲಿಗೆ ನಮ್ಮ ಸೂಚನೆ ಇಷ್ಟು: ಸಂಘದ ಉಗ್ರಾಣದಿಂದ ಪ್ರತಿ ಸದಸ್ಯರಿಗೂ ಒಂದು ಮಳೆಮಾಪಕ, ಒಂದು ಲೆಕ್ಕದ ಪುಸ್ತಕ, ಅಸಲು ಬೆಲೆಗೆ. ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯಿರಿ. ಮನೆಯ ಮಾಡಿನಿಂದ, ಸಿಲ್ವರ್ ಓಕಿನ ನೆರಳಿನಿಂದ ದೂರವಿಡಿ. ಇಳಿಜಾರಿನ ಎರಡೂ ಬದಿ ತೋಟವಿದ್ದವರು ಎರಡು ಕೊಳ್ಳುವುದು ಮೇಲು. ಬೇಕಾದವರು ಸಂಕ್ರಾಂತಿಯ ಒಳಗೆ ಗುಮಾಸ್ತರಲ್ಲಿ ಹೆಸರು ಬರೆಸತಕ್ಕದ್ದು. ನಮ್ಮ ಹೆಸರನ್ನು ಮೊದಲು ಬರೆಸಿದ್ದೇವೆ, ಎರಡು ಮಾಪಕಕ್ಕೆ.