ಹೈಕೋರ್ಟಿನ ತಲೆಯ ಮೇಲಿನ ದೀಪ

ಮನೆಯಲ್ಲಿ ಎಂಟನೇ, ಒಂಬತ್ತನೇ, ಹತ್ತನೇ ತರಗತಿಯ ಮಕ್ಕಳಿದ್ದರೆ ಈ ಪುಟವನ್ನು ಅವರ ಕೈಗೆ ಕೊಡಿ. ಬೆಳಕಿನ ಪ್ರತಿಫಲನ, ವಕ್ರೀಭವನ ಎಂದರೆ ಮುಖ ಕಿವುಚುವ ಮಕ್ಕಳಿಗೆ ನಮ್ಮ ಪ್ಯಾರೀಸ್ ಕಾರ್ನರಿನಲ್ಲೇ ಒಂದು ಒಳ್ಳೆಯ ಪಾಠವಿದೆ.

ಅಲ್ಲಿ ರಸ್ತೆಯಾಚೆ ಕಾಣುವ ಕೆಂಪು ಕಟ್ಟಡ ಹೈಕೋರ್ಟ್ ಅಲ್ಲವೇ? ಅದರ ಅತಿ ಎತ್ತರದ ಗೋಪುರದ ತುದಿ 1894ರಿಂದ 1977ರವರೆಗೆ ಈ ಊರಿನ ದೀಪಸ್ತಂಭವಾಗಿತ್ತು! ಅದೇ ಆವರಣದಲ್ಲಿರುವ ಕಲ್ಲಿನ ಕಂಬ ಅದಕ್ಕಿಂತ ಹಳೆಯದು, 1844ರ ದೀಪಸ್ತಂಭ. ಅದಕ್ಕೂ ಮುಂಚೆ, 1796ರಲ್ಲಿ, ಸೇಂಟ್ ಜಾರ್ಜ್ ಕೋಟೆಯೊಳಗಿನ ಒಂದು ಕಟ್ಟಡದ ಮೇಲೆ ಕೊಬ್ಬರಿ ಎಣ್ಣೆಯ ದೀಪಗಳನ್ನು ಹಚ್ಚುತ್ತಿದ್ದರು.

ಆಗ ಮದರಾಸಿಗೆ ಬಂದರು ಇರಲಿಲ್ಲ. ಹಡಗುಗಳು ತೆರೆದ ಕಡಲಲ್ಲೇ ಲಂಗರು ಹಾಕಬೇಕಿತ್ತು. ಕತ್ತಲಲ್ಲಿ ದಡ ಎಲ್ಲಿದೆ ಎಂದು ತಿಳಿಯದಿದ್ದರೆ ಜನರ ಪ್ರಾಣಕ್ಕೇ ಸಂಚಕಾರ. ಆದರೆ ಎಣ್ಣೆದೀಪದ ಬೆಳಕು ಎಲ್ಲ ದಿಕ್ಕಿಗೂ ಚೆದುರುತ್ತದೆ. ಅರ್ಧ ಆಕಾಶಕ್ಕೆ, ಕಾಲುಭಾಗ ಊರಿನ ಕಡೆಗೆ ಹೋದರೆ ಹಡಗಿಗೆ ಉಳಿಯುವುದೆಷ್ಟು? ಪೋಲಾಗುವ ಬೆಳಕನ್ನು ಕಡಲಿನತ್ತ ತಿರುಗಿಸಬೇಕು. ಅದಕ್ಕೆ ಇರುವ ದಾರಿ ಎರಡು.

ಮೊದಲನೆಯದು ಪ್ರತಿಫಲನ. ಕೇರಂ ಸ್ಟ್ರೈಕರ್ ಅಂಚಿಗೆ ಬಡಿದು ಎಷ್ಟು ಓರೆಯಾಗಿ ಹೋಗಿತ್ತೋ ಅಷ್ಟೇ ಓರೆಯಾಗಿ ಹಿಂದಿರುಗುತ್ತದೆ. ಕನ್ನಡಿಯ ಮೇಲೆ ಬೆಳಕೂ ಹಾಗೆಯೇ: ಪತನ ಕೋನ, ಪ್ರತಿಫಲನ ಕೋನ ಎರಡೂ ಸಮ. ದೀಪದ ಹಿಂದೆ ತಕ್ಕ ಆಕಾರದ ಬಟ್ಟಲುಗನ್ನಡಿ ಇಟ್ಟರೆ ಹಿಂದಕ್ಕೆ ಹೋಗುವ ಕಿರಣಗಳೆಲ್ಲ ಒಂದೇ ಕಡೆಗೆ ಮರಳುತ್ತವೆ. ನಿಮ್ಮ ಟಾರ್ಚಿನ ಬಲ್ಬಿನ ಸುತ್ತ ಹೊಳೆಯುವ ಬಟ್ಟಲು ಇರುವುದೂ ಇದಕ್ಕೇ.

ಎರಡನೆಯದು ವಕ್ರೀಭವನ. ಬೆಳಕು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ನೀರಿನಲ್ಲಿ ಸುಮಾರು 2.25 ಲಕ್ಷ, ಗಾಜಿನಲ್ಲಿ ಸುಮಾರು 2 ಲಕ್ಷ. ಮರೀನಾದಲ್ಲಿ ಐದು ಮಕ್ಕಳು ಸಾಲಾಗಿ ಕೈಹಿಡಿದು ರಸ್ತೆಯಿಂದ ಮರಳಿಗೆ ಓರೆಯಾಗಿ ಓಡಿ ಬರುತ್ತಾರೆ ಎಂದುಕೊಳ್ಳಿ. ಮೊದಲು ಮರಳಿಗೆ ಕಾಲಿಟ್ಟವನ ಓಟ ನಿಧಾನವಾಗುತ್ತದೆ, ಉಳಿದವರು ಇನ್ನೂ ಜೋರಾಗಿರುತ್ತಾರೆ. ಸಾಲು ತಾನಾಗಿಯೇ ತಿರುಗುತ್ತದೆ! ಬೆಳಕೂ ಹೀಗೆಯೇ ಬಾಗುತ್ತದೆ. ನೇರವಾಗಿ ಬಂದರೆ ಎಲ್ಲರೂ ಒಟ್ಟಿಗೆ ನಿಧಾನವಾಗುತ್ತಾರೆ, ಆಗ ತಿರುವಿಲ್ಲ.

ಮನೆಯಲ್ಲೇ ಪರೀಕ್ಷಿಸಿ. ಸ್ಟೀಲ್ ಬಟ್ಟಲಲ್ಲಿ ಒಂದು ನಾಣ್ಯ ಇಟ್ಟು, ಅದು ಅಂಚಿನ ಮರೆಗೆ ಸರಿಯುವವರೆಗೆ ಹಿಂದೆ ಹೋಗಿ. ಈಗ ಅಮ್ಮನಿಗೆ ನಿಧಾನವಾಗಿ ನೀರು ಹೊಯ್ಯಲು ಹೇಳಿ. ಕಾಣದ ನಾಣ್ಯ ಕಾಣಿಸುತ್ತದೆ! ನಾಣ್ಯ ಕದಲಿಲ್ಲ, ನೀರಿನಿಂದ ಹೊರಬರುವಾಗ ಕಿರಣ ಬಾಗಿ ನಿಮ್ಮ ಕಣ್ಣಿಗೆ ಬಂತು.

ದೀಪದ ಮುಂದೆ ಪೀನ ಮಸೂರ ಇಟ್ಟರೆ ಚೆದುರುವ ಕಿರಣಗಳು ಹೀಗೆ ಬಾಗಿ ನೇರವಾಗುತ್ತವೆ. ಆದರೆ ದೀಪಸ್ತಂಭಕ್ಕೆ ಬೇಕಾದಷ್ಟು ದೊಡ್ಡ ಮಸೂರ ವಿಪರೀತ ದಪ್ಪ, ವಿಪರೀತ ಭಾರ. ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ಒಂದು ಸಂಗತಿ ಗಮನಿಸಿದರು: ಬೆಳಕು ಬಾಗುವುದು ಗಾಜಿನ ಮೇಲ್ಮೈಯಲ್ಲಿ ಮಾತ್ರ, ನಡುವಿನ ದಪ್ಪ ಗಾಜಿನಿಂದ ಉಪಯೋಗವಿಲ್ಲ. ಆ ಭಾಗವನ್ನು ತೆಗೆದು, ಬಳೆಗಳಂಥ ಗಾಜಿನ ಉಂಗುರಗಳನ್ನು ಜೋಡಿಸಿದರು. 1823ರಲ್ಲಿ ಕೊರ್ಡುವಾನ್ ದೀಪಸ್ತಂಭದಲ್ಲಿ ಈ ಮಸೂರ ಬೆಳಗಿತು. ಮುಂದೆ ಲೋಕದ ಕಡಲತೀರಗಳಿಗೆಲ್ಲ ಹಬ್ಬಿತು.

ಇಂಥ ಮಸೂರಗಳ ಹೊರ ಉಂಗುರಗಳಲ್ಲಿ ಇನ್ನೊಂದು ಚಮತ್ಕಾರ. ಗಾಜಿನೊಳಗಿನ ಕಿರಣ ತುಂಬ ಓರೆಯಾಗಿ ಅಂಚಿಗೆ ಬಂದರೆ ಹೊರಗೆ ಹೋಗುವುದೇ ಇಲ್ಲ, ಪೂರ್ತಿ ಒಳಕ್ಕೇ ಮರಳುತ್ತದೆ. ಇದೇ ಪೂರ್ಣ ಆಂತರಿಕ ಪ್ರತಿಫಲನ. ಅಂದರೆ ಒಂದೇ ಗಾಜಿನ ತುಂಡು ಬೆಳಕನ್ನು ಬಾಗಿಸಿಯೂ ಮರಳಿಸಿಯೂ ಕಡಲಿಗೆ ಕಳಿಸುತ್ತದೆ. ಕನ್ನಡಿಯಾಗಲಿ ಮಸೂರವಾಗಲಿ ಒಂದು ಹನಿ ಬೆಳಕನ್ನೂ ಹೊಸದಾಗಿ ಹುಟ್ಟಿಸುವುದಿಲ್ಲ. ಇರುವುದನ್ನು ಬೇಕಾದ ಕಡೆ ತಿರುಗಿಸುತ್ತವೆ, ಅಷ್ಟೇ.

1977ರಲ್ಲಿ ದೀಪ ಮರೀನಾದ ಹೊಸ ಸ್ತಂಭಕ್ಕೆ ಹೋಯಿತು. ಆದರೆ ಚೆನ್ನೈನಿಂದ ಕಡಲಿಗೆ ಬೆಳಕು ಇನ್ನೊಂದು ದಾರಿಯಲ್ಲೂ ಹೋಗುತ್ತಿದೆ. ಸಿಂಗಪುರದವರೆಗೆ ಸಮುದ್ರದಡಿ ಹಾಸಿದ ಕೇಬಲ್‌ಗಳ ಕೂದಲೆಳೆಯಂಥ ಗಾಜಿನೊಳಗೆ, ಅದೇ ಪೂರ್ಣ ಆಂತರಿಕ ಪ್ರತಿಫಲನದಿಂದ, ನಮ್ಮ ಫೋನ್ ಮಾತು, ಇಂಟರ್ನೆಟ್ ಎಲ್ಲ ಬೆಳಕಾಗಿ ಓಡುತ್ತವೆ. ಮುಂದಿನ ಸಲ ಪ್ಯಾರೀಸ್ ಕಾರ್ನರಿಗೆ ಹೋದಾಗ ಮಕ್ಕಳಿಗೆ ಆ ಗೋಪುರ ತೋರಿಸಲು ಮರೆಯಬೇಡಿ!