ಒಂದು ಕಡತ, ಹಲವು ಗಣಕಗಳು: ಮುಂಬಯಿ ಕನ್ನಡ ಸೂಚಿಯ ಸಂದರ್ಭದಲ್ಲಿ ಒಂದು ವಿವೇಚನೆ

ಮುಂಬಯಿಯ ಕನ್ನಡ ಪ್ರಕಟಣೆಗಳನ್ನು ಕುರಿತು ಸಂಶೋಧನೆ ಕೈಗೊಳ್ಳುವವರಿಗೆ ಮೊದಲು ಎದುರಾಗುವ ತೊಡಕು ಆಕರಗಳ ಅಭಾವವಲ್ಲ, ಅವುಗಳ ಚದುರುವಿಕೆ. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ, ಕಲೀನಾದ ವಿದ್ಯಾನಗರಿಯಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಇವೆಲ್ಲವೂ ಈ ಮಹಾನಗರದ ಬೇರೆ ಬೇರೆ ಮೂಲೆಗಳಲ್ಲಿವೆ. ‘ಮೊಗವೀರ’, ‘ನೇಸರು’, ‘ಅಕ್ಷಯ’ದಂತಹ ಪತ್ರಿಕೆಗಳ ಸಂಚಿಕೆಗಳನ್ನೂ ಮನೆಮನೆಗಳ ಕಪಾಟಿನಲ್ಲಿ ಉಳಿದಿರುವ ಪುಸ್ತಕಗಳನ್ನೂ ಒಂದು ಸೂಚಿಯೊಳಗೆ ತರುವ ಕೆಲಸ ಒಬ್ಬರಿಂದ ಆಗತಕ್ಕದ್ದಲ್ಲ. ನಾಲ್ಕಾರು ಜನ ನಾಲ್ಕಾರು ಗಣಕಯಂತ್ರಗಳ ಮುಂದೆ ಕುಳಿತು ಒಂದೇ ದತ್ತಸಂಚಯದಲ್ಲಿ, ಅಂದರೆ ಒಂದೇ ಡೇಟಾಬೇಸಿನಲ್ಲಿ, ಏಕಕಾಲಕ್ಕೆ ಬರೆಯಬೇಕಾಗುತ್ತದೆ. ಇದು ಹೇಗೆ ಸಾಧ್ಯ, ಎಲ್ಲಿಯವರೆಗೆ ಸುರಕ್ಷಿತ ಎಂಬುದನ್ನು, ಇಂತಹ ಕೆಲಸಕ್ಕೆ ತೊಡಗಬಯಸುವ ಹೊರನಾಡ ಸಂಶೋಧಕರಿಗಾಗಿ ಇಲ್ಲಿ ವಿವರಿಸುತ್ತೇವೆ.

ಮೈಕ್ರೋಸಾಫ್ಟ್ ಸಂಸ್ಥೆಯು 1992ರಲ್ಲಿ ಹೊರತಂದ ಆಕ್ಸೆಸ್, ಅದಕ್ಕೂ ಹಿಂದಿನ ಡಿಬೇಸ್, ಫಾಕ್ಸ್‌ಪ್ರೊ ಮೊದಲಾದವುಗಳಲ್ಲಿ ದತ್ತಸಂಚಯವೆಂದರೆ ಡಿಸ್ಕಿನ ಮೇಲಿರುವ ಕಡತವೇ ಹೊರತು ಬೇರೇನೂ ಅಲ್ಲ. ಆ ಕಡತಕ್ಕೆ ಕಾವಲುಗಾರನಿಲ್ಲ. ಗ್ರಂಥಾಲಯದ ಹೋಲಿಕೆಯಿಂದ ಇದು ಸ್ಪಷ್ಟವಾಗಬಹುದು. ಕೆಲವು ಗ್ರಂಥಾಲಯಗಳಲ್ಲಿ ಓದುಗನು ಚೀಟಿ ಬರೆದುಕೊಡುತ್ತಾನೆ, ಒಳಗಿನವರು ಪುಸ್ತಕ ತಂದುಕೊಡುತ್ತಾರೆ. ಮತ್ತೆ ಕೆಲವೆಡೆ ಓದುಗರೇ ಕಪಾಟಿಗೆ ಕೈಹಾಕಿ, ತೆಗೆದು, ತಾವೇ ಮರಳಿ ಇಡುತ್ತಾರೆ. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್‌ಕ್ಯುಎಲ್‌ನಂತಹ ಸರ್ವರ್ ವ್ಯವಸ್ಥೆಗಳು ಮೊದಲನೆಯ ಬಗೆಯವು. ಆಕ್ಸೆಸ್ ಎರಡನೆಯ ಬಗೆಯದು. ಜಾಲದಲ್ಲಿರುವ ಪ್ರತಿಯೊಂದು ಗಣಕವೂ ಆ ಒಂದೇ ಕಡತವನ್ನು ತಾನೇ ತೆರೆದು, ತಾನೇ ಓದಿ, ತಾನೇ ಬರೆಯುತ್ತದೆ. ಹಂಚಿಕೆಯ ಎಲ್ಲ ಸೌಕರ್ಯವೂ ಎಲ್ಲ ಅಪಾಯವೂ ಹುಟ್ಟುವುದು ಇದರಿಂದಲೇ.

ಹಾಗಾದರೆ ಇಬ್ಬರ ಬರಹ ಒಂದರ ಮೇಲೊಂದು ಬೀಳದಂತೆ ತಡೆಯುವುದು ಯಾವುದು? ದತ್ತಸಂಚಯವನ್ನು ಮೊದಲು ತೆರೆದ ಗಣಕವು ಅದರ ಪಕ್ಕದಲ್ಲಿಯೇ ಒಂದು ಪುಟ್ಟ ಬೀಗದ ಕಡತವನ್ನು ನಿರ್ಮಿಸುತ್ತದೆ. ಆಮೇಲೆ ಬಂದ ಗಣಕಗಳು ಅದರಲ್ಲಿ ತಮ್ಮ ಹೆಸರನ್ನು ಬರೆಯುತ್ತವೆ, ಕೊನೆಯವರು ಹೊರಟಾಗ ಅದು ಅಳಿಯುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಬೀಗದ ಕಡತವನ್ನು ನಿರ್ಮಿಸಲು, ತಿದ್ದಲು, ಅಳಿಸಲು ಆ ಫೋಲ್ಡರಿನ ಮೇಲೆ ಎಲ್ಲ ಬಳಕೆದಾರರಿಗೂ ಪೂರ್ಣ ಅನುಮತಿ ಇರಬೇಕು. ಸುರಕ್ಷತೆಯ ಹೆಸರಿನಲ್ಲಿ ಓದುವ ಅನುಮತಿಯನ್ನಷ್ಟೇ ಕೊಟ್ಟರೆ, ಮೊದಲು ತೆರೆದವರ ಪಾಲಿಗೆ ಕಡತವು ಓದಲಷ್ಟೇ ದೊರೆಯುವ ಪ್ರಸಂಗ ಬರುತ್ತದೆ.

ಬೀಗ ಹಾಕುವ ಕ್ರಮವೂ ಕಾಲಕ್ರಮದಲ್ಲಿ ಬದಲಾಗಿದೆ. ಹಳೆಯ ಆವೃತ್ತಿಗಳು ಒಂದು ದಾಖಲೆಗೆ ಪ್ರತ್ಯೇಕವಾಗಿ ಬೀಗ ಹಾಕಲಾರದೆ, ಅದಿರುವ 2 ಕಿಲೋಬೈಟಿನ ಇಡೀ ಪುಟಕ್ಕೆ ಹಾಕುತ್ತಿದ್ದವು. ನೀವು ‘ಶಿಕಾರಿ’ಯ ದಾಖಲೆಯನ್ನು ತಿದ್ದುತ್ತಿದ್ದರೆ ಅದೇ ಪುಟದಲ್ಲಿ ನೆರೆಯಾಗಿದ್ದ ಇನ್ನೊಂದು ಪುಸ್ತಕದ ದಾಖಲೆಯೂ ಇತರರಿಗೆ ಮುಚ್ಚಿಹೋಗುತ್ತಿತ್ತು. ಪುಟವು 4 ಕಿಲೋಬೈಟಿನದಾದದ್ದೂ, ಒಂದೊಂದೇ ದಾಖಲೆಗೆ ಬೀಗ ಹಾಕುವ ಅನುಕೂಲ ಬಂದದ್ದೂ ಆಕ್ಸೆಸ್ 2000ರಿಂದ. ಈ ಅನುಕೂಲವನ್ನು ಆರಿಸಿಕೊಳ್ಳಬೇಕು. ಬೀಗವೇ ಬೇಡವೆಂಬ ಆಯ್ಕೆಯಲ್ಲಿ ಇಬ್ಬರೂ ಒಂದೇ ದಾಖಲೆಯನ್ನು ತಿದ್ದಬಹುದು. ಎರಡನೆಯವರು ಉಳಿಸಹೊರಟಾಗ ಮಾತ್ರ, ‘ಇದನ್ನು ಇನ್ನೊಬ್ಬರು ಈಗಾಗಲೇ ಬದಲಿಸಿದ್ದಾರೆ, ಮೇಲೆ ಬರೆಯಲೇ?’ ಎಂಬ ಅರ್ಥದ ಪ್ರಶ್ನೆ ತೆರೆಯ ಮೇಲೆ ಮೂಡುತ್ತದೆ. ಉಪನಗರದ ಒಂದು ಗ್ರಂಥಾಲಯದಲ್ಲಿ ನಾವು ಕೆಲಸ ಮಾಡುತ್ತಿದ್ದಾಗ ಈ ಪ್ರಶ್ನೆಗೆ ಓದದೆಯೇ ‘ಹೌದು’ ಎಂದು ಒತ್ತುವ ಅಭ್ಯಾಸ ನಮ್ಮಲ್ಲಿತ್ತು. ಒಬ್ಬರು ಹಳೆಯ ಪ್ರತಿಯೊಂದನ್ನು ಕೈಯಲ್ಲಿ ಹಿಡಿದು ಬರೆದಿದ್ದ ಮುದ್ರಣಾಲಯದ ಹೆಸರು, ಇನ್ನೊಬ್ಬರು ಪುಟಸಂಖ್ಯೆ ತಿದ್ದಿದ್ದರಿಂದ ಅಳಿಸಿಹೋಯಿತು. ವರ್ಷದ ನಂತರ ಮತ್ತೆ ನೋಡಬಯಸಿದಾಗ ಆ ಪ್ರತಿ ಗೆದ್ದಲಿನ ಪಾಲಾಗಿತ್ತು. ತಪ್ಪು ತಂತ್ರಾಂಶದ್ದಲ್ಲ, ನಮ್ಮದೇ.

ಪರಿಗ್ರಹಣ ಸಂಖ್ಯೆಯ ವಿಷಯದಲ್ಲಿಯೂ ಇಂತಹುದೇ ತೊಡಕಿದೆ. ಇರುವ ಕೊನೆಯ ಸಂಖ್ಯೆಗೆ ಒಂದನ್ನು ಕೂಡಿಸಿ ಹೊಸದನ್ನು ಪಡೆಯುವ ಪದ್ಧತಿ ಒಂದೇ ಗಣಕದಲ್ಲಿ ಸರಿಹೋಗುತ್ತದೆ. ಇಬ್ಬರು ಒಂದೇ ಕ್ಷಣದಲ್ಲಿ ಕೇಳಿದರೆ ಇಬ್ಬರಿಗೂ ಒಂದೇ ಸಂಖ್ಯೆ ದೊರೆಯುತ್ತದೆ. ಆ ಅಂಕಣಕ್ಕೆ ಪುನರಾವರ್ತನೆಯನ್ನು ನಿರಾಕರಿಸುವ ಇಂಡೆಕ್ಸನ್ನು ಕಟ್ಟಿಟ್ಟರೆ ಎರಡನೆಯ ದಾಖಲೆ ಒಳಬರುವುದಿಲ್ಲ, ಆಗ ಮತ್ತೊಮ್ಮೆ ಕೇಳಿದರೆ ಸಾಕು.

ಹಂಚಿಕೆಗೆ ಮುನ್ನ ದತ್ತಸಂಚಯವನ್ನು ಎರಡಾಗಿ ಸೀಳುವುದು ಅತ್ಯವಶ್ಯ. ಕೋಷ್ಟಕಗಳು ಮಾತ್ರವಿರುವ ಕಡತ ಜಾಲದ ಒಂದೆಡೆ ಇರಲಿ. ನಮೂನೆಗಳು, ಪ್ರಶ್ನೆಗಳು, ವರದಿಗಳಿರುವ ಕಡತದ ಪ್ರತ್ಯೇಕ ಪ್ರತಿ ಪ್ರತಿಯೊಬ್ಬರ ಗಣಕದಲ್ಲಿರಲಿ, ಅಲ್ಲಿಂದ ಕೋಷ್ಟಕಗಳಿಗೆ ಕೊಂಡಿ ಇರಲಿ. ಎಲ್ಲರೂ ಒಂದೇ ಇಡಿಯ ಕಡತವನ್ನು ತೆರೆಯುವುದು ಕೆಡುಕಿಗೆ ಬಹುಸಾಮಾನ್ಯವಾದ ಕಾರಣ. ಕಡತದ ಗರಿಷ್ಠ ಗಾತ್ರ 2 ಗಿಗಾಬೈಟು, ಏಕಕಾಲದ ಬಳಕೆದಾರರು 255 ಎಂದು ಕೈಪಿಡಿಗಳಲ್ಲಿದೆ. ಎರಡನೆಯ ಸಂಖ್ಯೆಯನ್ನು ನೆಚ್ಚಿಕೊಳ್ಳಲಾಗದು. ನಾಲ್ಕಾರು ಜನ ನಿರಂತರವಾಗಿ ಬರೆಯುವ ಸೂಚಿಗೆ ಇದು ಹೊಂದುತ್ತದೆ, ಅದಕ್ಕಿಂತ ಬಹಳ ದೊಡ್ಡದಕ್ಕಲ್ಲ.

ಕನ್ನಡಕ್ಕೇ ವಿಶಿಷ್ಟವಾದ ಒಂದು ಸಮಸ್ಯೆಯನ್ನು ಆಂಗ್ಲ ಕೈಪಿಡಿಗಳು ಹೇಳವು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಊಡಿಸಿದ ಪಠ್ಯವೂ ಯುನಿಕೋಡ್ ಪಠ್ಯವೂ ಸಂಕೇತಗಳ ಮಟ್ಟದಲ್ಲಿ ಬೇರೆ ಬೇರೆ. ಒಂದು ಗಣಕದಲ್ಲಿ ಹಳೆಯ ಕ್ರಮದಿಂದಲೂ ಇನ್ನೊಂದರಲ್ಲಿ ಯುನಿಕೋಡಿನಿಂದಲೂ ‘ಯಶವಂತ ಚಿತ್ತಾಲ’ ಎಂದು ಬರೆದರೆ, ಕಣ್ಣಿಗೆ ಒಂದೇ ಆಗಿ ಕಂಡರೂ ದತ್ತಸಂಚಯಕ್ಕೆ ಅವರು ಇಬ್ಬರು ಲೇಖಕರು. ಆದುದರಿಂದ ಮೊದಲ ದಾಖಲೆಗೆ ಮುನ್ನವೇ ಎಲ್ಲ ಗಣಕಗಳಲ್ಲಿಯೂ ಯುನಿಕೋಡ್ ಎಂದು ನಿರ್ಧರಿಸಬೇಕು. ಸಾಮಾನ್ಯ ಪಠ್ಯದ ಅಂಕಣವೊಂದರ ಮಿತಿ 255 ಸಂಕೇತಗಳು. ನಾವು ಒಂದೇ ಅಕ್ಷರವೆಂದು ಎಣಿಸುವ ‘ಸ್ತ್ರೀ’ ಯುನಿಕೋಡಿನಲ್ಲಿ ಆರು ಸಂಕೇತಗಳನ್ನು ತೆಗೆದುಕೊಳ್ಳುತ್ತದೆ. ಹಳೆಯ ಪುಸ್ತಕಗಳ ಉದ್ದುದ್ದ ಶೀರ್ಷಿಕೆಗಳಿಗೆ ದೀರ್ಘ ಪಠ್ಯದ ಅಂಕಣವನ್ನೇ ಇಡುವುದು ಲೇಸು. ಪ್ರಕಟಣಸ್ಥಳವನ್ನು ಕೈಯಿಂದ ಬರೆಯಲು ಬಿಡದೆ ಪಟ್ಟಿಯಿಂದ ಆರಿಸುವಂತೆ ಮಾಡಬೇಕು. ಇಲ್ಲವಾದರೆ ‘ಬೊಂಬಾಯಿ’, ‘ಮುಂಬಯಿ’, ‘ಮುಂಬೈ’ ಮೂರು ಊರುಗಳಾಗುತ್ತವೆ. ಊರಿನ ಅಧಿಕೃತ ಹೆಸರು ಬದಲಾದದ್ದು 1995ರಲ್ಲಿ. ಮುಖಪುಟದಲ್ಲಿ ಇದ್ದ ರೂಪವನ್ನು ಉಳಿಸಲು ಬೇರೊಂದು ಅಂಕಣವಿರಲಿ.

ಇನ್ನು ದೂರದ ಪ್ರಶ್ನೆ. ಒಂದೇ ಕಟ್ಟಡದಲ್ಲಿ ತಂತಿಯಿಂದ ಜೋಡಿಸಿದ ಗಣಕಗಳಿಗೆ ಮೇಲಿನ ವ್ಯವಸ್ಥೆ ಸಾಕು. ನಿಸ್ತಂತು ಜೋಡಣೆಯಲ್ಲಿ ಬರೆಯುತ್ತಿರುವ ನಡುವೆ ಸಂಪರ್ಕ ತಪ್ಪಿದರೆ ಪುಟ ಅರ್ಧ ಬರೆದ ಸ್ಥಿತಿಯಲ್ಲಿ ಉಳಿದು ಇಡೀ ಕಡತ ಕೆಡಬಹುದು. ಮಾಟುಂಗಾದಲ್ಲಿರುವ ಕಡತವನ್ನು ಕಲೀನಾದಿಂದ ಅಂತರ್ಜಾಲದ ಮೂಲಕ ತೆರೆಯುವ ಯತ್ನವಂತೂ ಸಲ್ಲದು. ಇಂಡೆಕ್ಸ್ ಇಲ್ಲದ ಅಂಕಣದಲ್ಲಿ ಒಂದು ಹೆಸರನ್ನು ಹುಡುಕಿದರೂ ಇಡೀ ಕೋಷ್ಟಕವೇ ಹುಡುಕುವವರ ಗಣಕಕ್ಕೆ ಪಯಣಿಸಬೇಕಾಗುತ್ತದೆ. ಡ್ರಾಪ್‌ಬಾಕ್ಸ್, ಗೂಗಲ್ ಡ್ರೈವ್‌ನಂತಹ ಫೋಲ್ಡರುಗಳಲ್ಲಿ ಕಡತವನ್ನಿಡುವುದು ಇನ್ನೂ ಅಪಾಯಕರ. ಅಲ್ಲಿ ಎಲ್ಲರೂ ತೆರೆಯುವುದು ಒಂದೇ ಕಡತವನ್ನಲ್ಲ, ತಂತಮ್ಮ ಪ್ರತಿಗಳನ್ನು. ಒಬ್ಬರ ಬೀಗ ಇನ್ನೊಬ್ಬರಿಗೆ ಕಾಣುವುದೇ ಇಲ್ಲ. ಎರಡು ಊರುಗಳ ನಡುವೆ ಕೆಲಸ ನಡೆಯಬೇಕಾದರೆ ಕೋಷ್ಟಕಗಳನ್ನು ಸರ್ವರಿಗೆ ಸಾಗಿಸಬೇಕು. ಆಕ್ಸೆಸ್ಸಿನ ನಮೂನೆಗಳನ್ನು ಆಗಲೂ ಮುಂಭಾಗವಾಗಿ ಉಳಿಸಿಕೊಳ್ಳಬಹುದು, ಪಟ್ಟ ಶ್ರಮ ವ್ಯರ್ಥವಾಗುವುದಿಲ್ಲ. ಕೇವಲ ಗ್ರಂಥಾಲಯದ ಸೂಚಿಯೇ ಗುರಿಯಾಗಿದ್ದರೆ, ಉಚಿತವಾಗಿ ದೊರೆಯುವ ಕೋಹಾ ತಂತ್ರಾಂಶವನ್ನು ಆರಂಭದಲ್ಲಿಯೇ ಪರಿಶೀಲಿಸುವುದು ಒಳಿತೆಂದು ನಮ್ಮ ಅಭಿಪ್ರಾಯ.

ದಿನದ ಕೊನೆಗೆ ಎಲ್ಲರೂ ಹೊರಬಂದಿರುವುದನ್ನು ಬೀಗದ ಕಡತ ಇಲ್ಲದಿರುವುದರಿಂದ ಖಚಿತಪಡಿಸಿಕೊಂಡು, ಮೊದಲು ಪ್ರತಿ ತೆಗೆದು, ಬಳಿಕ ಕಡತವನ್ನು ಸಾಂದ್ರಗೊಳಿಸಬೇಕು. ಅಳಿಸಿದ ದಾಖಲೆಗಳ ಜಾಗ ಅದಿಲ್ಲದೆ ಮರಳಿ ಬರುವುದಿಲ್ಲ. ಪ್ರತಿಯನ್ನು ಅದೇ ಕಟ್ಟಡದಲ್ಲಿ ಇಡಕೂಡದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅಂತಹ ದಿನ ನೆಲಮಾಳಿಗೆಯಲ್ಲಿರುವ ಗಣಕಕ್ಕೂ ಅದರ ಪಕ್ಕದ ಮೇಜಿನ ಸೆಳೆಖಾನೆಯಲ್ಲಿರುವ ಡಿಸ್ಕಿಗೂ ಗತಿ ಒಂದೇ. ವಾರಕ್ಕೊಂದು ಪ್ರತಿ ಬೇರೆ ಉಪನಗರದ ಸಹೋದ್ಯೋಗಿಯೊಬ್ಬರ ಮನೆಯ ಮೇಲಂತಸ್ತಿಗೆ ಹೋಗಲಿ, ತಿಂಗಳಿಗೊಮ್ಮೆ ಅದನ್ನು ತೆರೆದು ದಾಖಲೆಗಳ ಸಂಖ್ಯೆಯನ್ನು ಮೂಲದೊಂದಿಗೆ ತಾಳೆನೋಡಿ.