ಎಳೆಯ ಮಕ್ಕಳೂ ಹ್ಯಾಲೋವೀನ್ ವೇಷವೂ

ಅಕ್ಟೋಬರ್ ತಿಂಗಳ 31ನೆಯ ತಾರೀಖಿನ ಸಂಜೆ ಅಮೆರಿಕ ದೇಶದ ಊರುಕೇರಿಗಳಲ್ಲಿ ಮಕ್ಕಳು ನಾನಾ ವೇಷಗಳನ್ನು ತಾಳಿ, ಮನೆಮನೆಯ ಬಾಗಿಲನ್ನು ತಟ್ಟಿ, ಮಿಠಾಯಿಯನ್ನು ಬೇಡಿ ಪಡೆಯುವ ಪದ್ಧತಿಯನ್ನು ನಮ್ಮ ವಾಚಕರಲ್ಲಿ ಬಹುಮಂದಿ ಬಲ್ಲರು. ಕ್ಯಾಲಿಫೋರ್ನಿಯ, ಟೆಕ್ಸಸ್, ನ್ಯೂಜರ್ಸಿ ಮೊದಲಾದ ಕಡೆಗಳಲ್ಲಿ ನೆಲೆಸಿರುವ ತಮ್ಮ ಮಕ್ಕಳು ಕಳುಹಿಸಿದ ಚಿತ್ರಗಳಲ್ಲಿ, ಕುಂಬಳಕಾಯಿಯ ವೇಷದಲ್ಲಿಯೋ ಬಾವಲಿಯ ವೇಷದಲ್ಲಿಯೋ ಕುಳಿತಿರುವ ಮೊಮ್ಮಗುವನ್ನು ಕಂಡು ನಕ್ಕವರೂ ಇರಬಹುದು. ಆ ಚಿತ್ರಗಳಲ್ಲಿ ಕೆಲವನ್ನು ಕೊಂಚ ನಿಧಾನಿಸಿ ನೋಡಿದರೆ, ನಗುತ್ತಿರುವವರು ತಂದೆತಾಯಿಗಳು ಮಾತ್ರ, ಮಗುವಿನ ಕಣ್ಣಿನಲ್ಲಿ ಅಳು ತುಂಬಿದೆ ಎಂಬುದು ಗೊತ್ತಾಗುತ್ತದೆ. ಎಳೆಯ ಮಗುವಿಗೆ ಯಾವ ವೇಷ ತಕ್ಕುದು, ಯಾವುದು ತಕ್ಕುದಲ್ಲ ಎಂಬ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ಮಗುವಿನ ಮನಸ್ಸಿನ ನೆಮ್ಮದಿಯೂ, ಕೆಲವು ವೇಳೆ ಅದರ ಪ್ರಾಣವೂ ಈ ಪ್ರಶ್ನೆಯೊಡನೆ ಹೆಣೆದುಕೊಂಡಿರುವುದರಿಂದ ನಾವು ಇದನ್ನು ಎತ್ತಿಕೊಂಡಿದ್ದೇವೆ.

ಇದು ಪರದೇಶದ ಹಬ್ಬ, ನಮ್ಮವರಿಗೇಕೆ ಎಂದು ಕೇಳುವವರೊಡನೆ ವಾದಕ್ಕಿಳಿಯುವ ಇಚ್ಛೆ ನಮಗಿಲ್ಲ. ಓರಗೆಯವರೆಲ್ಲರೂ ವೇಷ ಕಟ್ಟಿ ಕುಣಿಯುವಾಗ ಒಂದು ಮಗುವನ್ನು ಮಾತ್ರ ಮೂಲೆಯಲ್ಲಿ ಕೂರಿಸುವುದರಿಂದ ಯಾವ ಸಂಸ್ಕೃತಿಯೂ ಉಳಿಯಲಾರದು. ಹಬ್ಬದ ಮೂಲವಾದರೋ ಬಹು ಹಳೆಯದು. ಐರ್ಲೆಂಡ್ ಸ್ಕಾಟ್ಲೆಂಡುಗಳ ಕೆಲ್ಟಿಕ್ ಜನರು ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಸಂಧಿಯಲ್ಲಿ ಆಚರಿಸುತ್ತಿದ್ದ ಪರ್ವವೂ, ಕ್ರೈಸ್ತರು ನವೆಂಬರ್ 1ರಂದು ಆಚರಿಸುವ ಸಕಲ ಸಂತರ ದಿನವೂ ಕೂಡಿ ಇದು ಬೆಳೆಯಿತು. ಆ ಇರುಳು ಸತ್ತವರ ಆತ್ಮಗಳು ಸಂಚರಿಸುವುವೆಂಬ ನಂಬಿಕೆಯೇ ವೇಷಕ್ಕೂ ದೀಪಕ್ಕೂ ಹಿನ್ನೆಲೆ. 19ನೆಯ ಶತಮಾನದಲ್ಲಿ ವಲಸೆ ಹೋದವರೊಡನೆ ಹಬ್ಬವು ಅಮೆರಿಕವನ್ನು ಸೇರಿತು. ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ಮಾಡುತ್ತಿದ್ದ ದೀಪಕ್ಕೆ ಅಲ್ಲಿ ಕುಂಬಳಕಾಯಿ ಒದಗಿತು. ಮನೆಮನೆಗೆ ಹೋಗಿ ಮಿಠಾಯಿ ಕೇಳುವ ರೂಢಿ 1930ರ ದಶಕದಲ್ಲಿ ಹಬ್ಬಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಕ್ಕರೆಯ ನಿಯಂತ್ರಣದಿಂದ ಕುಗ್ಗಿ, ಯುದ್ಧಾನಂತರ ದೇಶವ್ಯಾಪಿಯಾಯಿತು.

ಮೊದಲು ವೇಷಗಳು ಮನೆಯಲ್ಲಿಯೇ ಆಗುತ್ತಿದ್ದವು: ಹಳೆಯ ಹಾಸುಬಟ್ಟೆ, ಒಲೆಯ ಮಸಿ, ಅಪ್ಪನ ಟೋಪಿ. 1930ರ ದಶಕದಿಂದ ಕಾರ್ಖಾನೆಗಳು ಸಿದ್ಧ ಉಡುಪುಗಳನ್ನು ಮಾಡತೊಡಗಿದುವು. ಈಗ ಅಂಗಡಿಗಳಲ್ಲಿಯೂ ಅಂತರ್ಜಾಲದ ಮಳಿಗೆಗಳಲ್ಲಿಯೂ ಮಾರಾಟಕ್ಕಿಟ್ಟ ವೇಷಗಳ ಮೇಲೆ ‘3–4 ವರ್ಷ’ ಎಂಬಂತಹ ಚೀಟಿ ಅಂಟಿಸಿರುತ್ತಾರೆ. ಖರೀದಿ ಮಾಡುವವರು ಆ ಅಂಕಿಯನ್ನು ನೋಡಿ ಸಮಾಧಾನ ತಾಳುವರು. ಆದರೆ ಅದು ಬಟ್ಟೆಯ ಅಳತೆಯೇ ಹೊರತು ಮಗುವಿನ ಬುದ್ಧಿಯ ಅಳತೆಯಲ್ಲ. ರಕ್ತ ಸುರಿಯುವ ಮುಖವಾಡವನ್ನೂ ಮೂರು ವರ್ಷದ ಮಗುವಿನ ತಲೆಗೆ ಹಿಡಿಸುವಂತೆ ಹೊಲಿಯಬಹುದು. ಹೊಲಿದ ಮಾತ್ರಕ್ಕೆ ಅದು ಮೂರು ವರ್ಷದ ಮಗುವಿಗೆ ತಕ್ಕ ವೇಷವಾಗದು.

ವೇಷವೆಂದರೇನೆಂಬುದು ಎಳೆಯ ಮಗುವಿಗೆ ತಿಳಿಯುವುದೇ? 1969ರಲ್ಲಿ ರೀಟಾ ಡಿವ್ರೀಸ್ ಎಂಬ ಅಮೆರಿಕದ ವಿದುಷಿ ಪ್ರಕಟಿಸಿದ ಪರಿಶೋಧನೆಯೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಮೇನಾರ್ಡ್ ಎಂಬ ಸಾಧುವಾದ ಬೆಕ್ಕೊಂದನ್ನು ಆಕೆ ಮೂರರಿಂದ ಆರು ವರ್ಷದೊಳಗಿನ ಮಕ್ಕಳಿಗೆ ತೋರಿಸಿ, ಮೈದಡವಲು ಬಿಟ್ಟು, ಆಮೇಲೆ ಅದರ ಮುಂಭಾಗವನ್ನು ಮಾತ್ರ ಪರದೆಯ ಹಿಂದೆ ಮಾಡಿ, ಮುಖಕ್ಕೆ ಉಗ್ರವಾದ ನಾಯಿಯ ಮುಖವಾಡವನ್ನು ಕಟ್ಟಿದಳು. ಹಿಂಭಾಗವೂ ಬಾಲವೂ ಮಕ್ಕಳ ಕಣ್ಣೆದುರಿಗೇ ಇದ್ದುವು. ಪರದೆ ಸರಿದಾಗ, ಇದು ಯಾವ ಪ್ರಾಣಿ ಎಂದು ಕೇಳಿದರೆ, ಮೂರು ವರ್ಷದ ಮಕ್ಕಳಲ್ಲಿ ಬಹುಪಾಲು ಮಂದಿ ಬೆಕ್ಕು ನಾಯಿಯೇ ಆಗಿಹೋಯಿತೆಂದು ನಂಬಿದರು. ಆರು ವರ್ಷದವರಾದರೋ, ಮೇಲೆ ಏನು ಕಟ್ಟಿದರೂ ಒಳಗಿರುವುದು ಬೆಕ್ಕೇ ಎಂಬುದನ್ನು ಹೆಚ್ಚಾಗಿ ಅರಿತಿದ್ದರು.

ಈ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದೆಲ್ಲ ತಾನಾಗಿ ಸ್ಪಷ್ಟವಾಗುವುದು. ರಾಕ್ಷಸನ ಮುಖವಾಡ ಹಾಕಿಕೊಂಡು ಬಂದ ತಂದೆ ಮೂರು ವರ್ಷದ ಮಗುವಿನ ಪಾಲಿಗೆ ತಂದೆಯಲ್ಲ, ತಂದೆಯನ್ನು ನುಂಗಿದ ರಾಕ್ಷಸ. ‘ಹೆದರಬೇಡ, ನಾನೇ’ ಎಂದು ಆತ ಒಳಗಿನಿಂದ ಕೂಗಿದರೆ ಭೀತಿ ಇಮ್ಮಡಿಯಾದೀತು. ತನ್ನದೇ ಮುಖಕ್ಕೆ ಬಳಿದ ಬಣ್ಣವನ್ನು ಕನ್ನಡಿಯಲ್ಲಿ ಕಂಡು ಚೀರುವ ಮಗುವನ್ನು ಹೇಡಿಯೆಂದು ಹಾಸ್ಯ ಮಾಡುವವರು, ಅದರ ವಯಸ್ಸಿಗೆ ಆ ಭೀತಿ ಸಹಜವಾದುದೆಂಬುದನ್ನು ಮರೆಯುತ್ತಾರೆ.

ಆದುದರಿಂದ ಮೂರು ತುಂಬದ ಕೂಸಿಗೆ ಮುಖವನ್ನು ಮುಚ್ಚುವ ಯಾವ ವೇಷವೂ ಬೇಡವೆಂಬುದೇ ನಮ್ಮ ಅಭಿಪ್ರಾಯ. ಮೆತ್ತನೆಯ ಅಂಗಿ, ಅದಕ್ಕೆ ಹೊಲಿದ ಮೊಲದ ಕಿವಿ, ಇಷ್ಟು ಸಾಕು. ಕಿತ್ತು ಬಾಯಿಗೆ ಹಾಕಿಕೊಳ್ಳಬಹುದಾದ ಗುಂಡಿ, ಮಣಿ, ಕೊರಳಿಗೆ ಬಿಗಿಯುವ ದಾರ ಇವು ಯಾವುವೂ ಇರಕೂಡದು. ಮೂರರಿಂದ ಐದು ವರ್ಷದವರಿಗೆ ತಾವು ಕಂಡು ಬಲ್ಲ ಪ್ರಾಣಿಗಳು, ಬೆಂಕಿ ನಂದಿಸುವವ, ಅಂಚೆಯವ, ಬಸ್ಸಿನ ಚಾಲಕಿ, ವೈದ್ಯೆ ಮುಂತಾದ ವೇಷಗಳು ಒಪ್ಪುವುವು. ಮಗುವಿನ ಆಟದಲ್ಲಿ ದಿನವೂ ಬರುವ ಪಾತ್ರಗಳೇ ಇವು. ಆರೇಳು ವರ್ಷಕ್ಕೆ ಬಂದವರು ಸ್ವಲ್ಪ ಹೆದರಿ ನಗುವ ಸುಖವನ್ನು ಸವಿಯಬಲ್ಲರು. ಬಿಳಿಯ ಬಟ್ಟೆಯ ದೆವ್ವ, ಅಸ್ಥಿಪಂಜರದ ಚಿತ್ರ ಬರೆದ ಅಂಗಿ, ಹರಕು ಟೋಪಿಯ ಮಾಟಗಾತಿ ಇವು ಅವರಿಗೆ ಆಗಬಹುದು. ಕಡಿದ ಕೈ, ಜೋಲುವ ಕಣ್ಣು, ಕೊಲೆಗಡುಕನ ಕತ್ತಿ ಇವುಗಳನ್ನು ಇನ್ನೂ ಕೆಲವು ವರ್ಷ ಅಂಗಡಿಯಲ್ಲಿಯೇ ಬಿಡುವುದು ಲೇಸು. ಹತ್ತು ವರ್ಷದ ಅಣ್ಣ ಅಂತಹ ವೇಷಕ್ಕೆ ಹಟ ಹಿಡಿದರೆ, ಅವನ ಬೆರಳು ಹಿಡಿದು ಬೀದಿಯಲ್ಲಿ ನಡೆಯುವುದು ನಾಲ್ಕು ವರ್ಷದ ತಂಗಿ ಎಂಬುದನ್ನು ಅವನಿಗೆ ನೆನಪು ಮಾಡಿಕೊಡಬೇಕು.

ವಯಸ್ಸಿಗೆ ತಕ್ಕ ವೇಷವೆಂಬ ವಿಚಾರ ನಮಗೆ ಹೊಸದೂ ಅಲ್ಲ. ಯಕ್ಷಗಾನದ ಮೇಳಗಳಲ್ಲಿ ಎಳೆಯ ಹುಡುಗ ಮೊದಲು ಕೋಡಂಗಿಯಾಗಿ, ಅನಂತರ ಬಾಲಗೋಪಾಲನಾಗಿ ರಂಗಸ್ಥಳಕ್ಕೆ ಬರುತ್ತಿದ್ದನು. ರಾಕ್ಷಸರ ಬಣ್ಣದ ವೇಷವು ಹಲವು ತಿರುಗಾಟಗಳನ್ನು ಕಂಡ ಹಿರಿಯರ ಪಾಲಿನದು. ಮಂಗಳೂರಿನ ಕದ್ರಿಯಲ್ಲಿ ಅಷ್ಟಮಿಯ ಸಮಯಕ್ಕೆ ನಡೆಯುವ ಕೃಷ್ಣವೇಷದ ಸ್ಪರ್ಧೆಯಲ್ಲಿಯೂ ಕಂದಕೃಷ್ಣ, ಮುದ್ದುಕೃಷ್ಣ, ತುಂಟಕೃಷ್ಣ ಎಂದು ವಯೋಮಾನಕ್ಕನುಗುಣವಾದ ವಿಭಾಗಗಳಿವೆ. ಒಂದೇ ದೇವರ ವೇಷವಾದರೂ ತೊಟ್ಟಿಲ ಕೂಸಿಗೆ ಬೇರೆ, ಓಡಾಡುವ ಹುಡುಗನಿಗೆ ಬೇರೆ ಎಂದು ಕಂಡುಕೊಂಡವರ ವಂಶದವರು ನ್ಯೂಜರ್ಸಿಯ ಅಂಗಡಿಯಲ್ಲಿ ನಿಂತಾಗ ಆ ವಿವೇಕವನ್ನು ಅಲ್ಲಿಗೂ ಒಯ್ಯಬಹುದಷ್ಟೆ.

ವೇಷದಿಂದ ಮಗುವಿಗೆ ಲಾಭವಿಲ್ಲವೆಂದು ಮಾತ್ರ ಯಾರೂ ಭಾವಿಸಬಾರದು. ನಾಲ್ಕು ಮತ್ತು ಆರು ವರ್ಷದ ಮಕ್ಕಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಮತ್ತೊಂದು ಪರಿಶೋಧನೆಯಲ್ಲಿ, ಅವರಿಗೆ ಬೇಸರ ತರುವ ಒಂದು ಕೆಲಸವನ್ನು ಕೊಟ್ಟು, ಹತ್ತಿರದಲ್ಲಿಯೇ ಮನಸ್ಸನ್ನು ಸೆಳೆಯುವ ಆಟವನ್ನೂ ಇಟ್ಟಿದ್ದರು. ತಾನು ಬ್ಯಾಟ್‌ಮನ್ ಎಂದೋ ತಾನು ಮೆಚ್ಚಿದ ಮತ್ತೊಂದು ಕಥಾಪಾತ್ರವೆಂದೋ ಭಾವಿಸಿಕೊಂಡ ಮಕ್ಕಳು, ತಾವು ತಾವಾಗಿಯೇ ಇದ್ದವರಿಗಿಂತ ಹೆಚ್ಚು ಹೊತ್ತು ಕೆಲಸದಲ್ಲಿ ನಿಂತರು. ಪಾತ್ರವೊಂದನ್ನು ಹೊಕ್ಕ ಮಗು ತನ್ನ ಶಕ್ತಿಯನ್ನು ಮೀರಿ ನಡೆಯಬಲ್ಲುದು. ಹೀಗಿರುವಾಗ ಆ ಪಾತ್ರವನ್ನು ಆರಿಸುವವರು ಯಾರು? ಮಗುವೇ ಆರಿಸಬೇಕು, ಆದರೆ ನೂರು ವೇಷಗಳ ಮಳಿಗೆಯಲ್ಲಿ ನಿಂತು ಅಲ್ಲ. ತಾಯಿತಂದೆಯರು ಮೊದಲು ತೂಗಿ ನೋಡಿದ ಎರಡು ಮೂರರಲ್ಲಿ ಒಂದನ್ನು ಅದು ಬೆರಳಿಟ್ಟು ತೋರಿಸಲಿ. ತಮಗೆ ಪ್ರಿಯವಾದ ಚಲಚ್ಚಿತ್ರದ ನಾಯಕನನ್ನು, ಆ ಚಿತ್ರವನ್ನೇ ನೋಡಿರದ ಮಗುವಿನ ಮೈಮೇಲೆ ಹೊರಿಸುವ ತಂದೆಯರು ಅಂಗಡಿಯವನ ಗಿರಾಕಿಗಳೇ ಹೊರತು ಮಗುವಿನ ಮಿತ್ರರಲ್ಲ.

ಹೆಣ್ಣುಮಕ್ಕಳ ವೇಷಗಳ ವಿಷಯದಲ್ಲಿ ನಾವು ಎರಡು ಮಾತು ಕಟುವಾಗಿಯೇ ಹೇಳಬೇಕಾಗಿದೆ. ಅದೇ ದಾದಿ, ಅದೇ ಪೊಲೀಸು, ಅದೇ ಬೆಕ್ಕು. ಹುಡುಗನಿಗಾದರೆ ಮೈತುಂಬ ಬಟ್ಟೆ, ಹುಡುಗಿಗಾದರೆ ತೊಡೆಯ ಮೇಲಕ್ಕೆ ನಿಂತ ಲಂಗ. ಬೆಳೆದ ಹೆಂಗಸಿನ ಮೈಮಾಟವನ್ನು ಆರು ವರ್ಷದ ಬಾಲಿಕೆಯ ಮೇಲೆ ಆರೋಪಿಸುವ ಈ ವ್ಯಾಪಾರಕ್ಕೆ ಹಣ ತೆರುವುದು ಸಭ್ಯ ಕುಟುಂಬಗಳಿಗೆ ಶೋಭಿಸದು. ಅಕ್ಟೋಬರಿನ ಕೊನೆಯ ಚಳಿಯಲ್ಲಿ ಅದು ಮೈಗೂ ಆಗದು. ಇನ್ನೊಂದು, ಪರರ ಜನಾಂಗವನ್ನೇ ವೇಷವಾಗಿ ಮಾಡುವ ಚಾಳಿ. ರುಮಾಲು ಸುತ್ತಿ ಬುಟ್ಟಿಯಲ್ಲಿ ಹಾವಿಟ್ಟುಕೊಂಡು ‘ಇಂಡಿಯದವನು’ ಎಂದು ಬಂದ ನೆರೆಯ ಹುಡುಗನನ್ನು ಕಂಡು ನೊಂದುಕೊಳ್ಳುವ ನಮ್ಮವರು, ತಮ್ಮ ಮಗನ ತಲೆಗೆ ಅಮೆರಿಕದ ಮೂಲನಿವಾಸಿಗಳ ಗರಿಯ ಕಿರೀಟವನ್ನು ಕಟ್ಟುವ ಮುನ್ನ ಒಂದು ಕ್ಷಣ ಯೋಚಿಸುವುದು ಉಚಿತ.

ಇನ್ನು ಬೆಂಕಿ. 1940ರ ದಶಕದಲ್ಲಿ ಅಮೆರಿಕದಲ್ಲಿ ಕೌಬಾಯ್ ವೇಷದ ಉಡುಪುಗಳನ್ನು ಉಣ್ಣೆಯಂತೆ ಜೂಲು ಎಬ್ಬಿಸಿದ ರೇಯಾನ್ ಬಟ್ಟೆಯಿಂದ ಮಾಡುತ್ತಿದ್ದರು. ಕಿಡಿ ತಗುಲಿದರೆ ಅವು ಕ್ಷಣಮಾತ್ರದಲ್ಲಿ ಉರಿದು ಹಲವು ಮಕ್ಕಳು ಸುಟ್ಟುಹೋದರು. ಇಂತಹ ದುರಂತಗಳ ಫಲವಾಗಿಯೇ 1953ರಲ್ಲಿ ಅಲ್ಲಿ ಬೇಗ ಹೊತ್ತುವ ಬಟ್ಟೆಗಳನ್ನು ಕುರಿತ ಶಾಸನವಾಯಿತು. ಇಂಗ್ಲೆಂಡಿನಲ್ಲಿ 2014ರಲ್ಲಿ ಬಾಲಕಿಯೊಬ್ಬಳ ಹ್ಯಾಲೋವೀನ್ ಉಡುಪು ಮೇಣದ ದೀಪಕ್ಕೆ ತಗುಲಿ ಹೊತ್ತಿಕೊಂಡ ಮೇಲೆ ಅಲ್ಲಿಯ ಜನರಿಗೆ ತಿಳಿದುಬಂದ ಸಂಗತಿ ವಿಚಿತ್ರವಾದುದು: ಕಾನೂನಿನ ಲೆಕ್ಕದಲ್ಲಿ ಅಂತಹ ವೇಷಗಳು ಬಟ್ಟೆಗಳಲ್ಲ, ಆಟಿಕೆಗಳು, ಮಕ್ಕಳು ರಾತ್ರಿ ಧರಿಸುವ ಅಂಗಿಗಿರುವ ಕಠಿನವಾದ ನಿಯಮ ಅವಕ್ಕೆ ಅನ್ವಯಿಸುತ್ತಿರಲಿಲ್ಲ. ಬೆಂಕಿಯನ್ನು ತಡೆಯುವ ಬಟ್ಟೆಯೆಂಬ ಚೀಟಿಯಿರುವುದನ್ನೇ ಕೊಳ್ಳಬೇಕೆಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವು ಸಲಹೆ ಮಾಡುತ್ತದೆ. ಚೀಟಿಯಿದ್ದ ಮಾತ್ರಕ್ಕೆ ಬಟ್ಟೆ ಉರಿಯುವುದೇ ಇಲ್ಲವೆಂದಲ್ಲ. ಜೋಲುವ ತೋಳು, ನೆಲ ಗುಡಿಸುವ ಮೇಲುಹೊದಿಕೆ, ಗಾಳಿಗೆ ಹಾರುವ ತೆಳುಬಟ್ಟೆ ಇವೇ ಮೊದಲು ದೀಪವನ್ನು ಮುಟ್ಟುವುವು. ಪಟಾಕಿಯ ಬಳಿಗೆ ಹೋಗುವ ಹುಡುಗಿಯ ದಾವಣಿಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸದೆ ಬಿಡದ ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರಲ್ಲಿ ನರಕಚತುರ್ದಶಿಯೂ ಹ್ಯಾಲೋವೀನೂ ಒಂದೇ ದಿನ ಬಿದ್ದು, ಅಮೆರಿಕದ ಕನ್ನಡಿಗರ ಮನೆಯ ಹೊಸ್ತಿಲಲ್ಲಿ ಹಣತೆಗಳೂ ವೇಷದ ಮಕ್ಕಳೂ ಒಟ್ಟಿಗೆ ಸೇರುವಂತಾಯಿತು. ಎರಡು ಹಬ್ಬಗಳು ಹತ್ತಿರ ಬಂದ ವರ್ಷ ಬಾಗಿಲ ಬಳಿಯ ಹಣತೆಯನ್ನು ಮೇಲಿನ ಗೂಡಿಗೆ ಏರಿಸಿ, ಕುಂಬಳಕಾಯಿಯೊಳಗೆ ವಿದ್ಯುದ್ದೀಪವನ್ನು ಇಡತಕ್ಕದ್ದು.

ಬೆಂಕಿಗಿಂತಲೂ ಹೆಚ್ಚಿನ ಅಪಾಯ ರಸ್ತೆಯದು. ಅಮೆರಿಕದಲ್ಲಿ 1975ರಿಂದ 2016ರವರೆಗಿನ 42 ವರ್ಷಗಳ ಅಪಘಾತದ ಲೆಕ್ಕವನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ವೈದ್ಯಕೀಯ ಲೇಖನದ ಪ್ರಕಾರ, ಹಿಂದುಮುಂದಿನ ವಾರದ ಅದೇ ಸಂಜೆಗಳಿಗೆ ಹೋಲಿಸಿದರೆ ಹ್ಯಾಲೋವೀನ್ ಸಂಜೆ ಪಾದಚಾರಿಗಳ ಮರಣದ ಸಂಭವ ನೂರಕ್ಕೆ 43ರಷ್ಟು ಅಧಿಕ. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ ಅದು ಹತ್ತು ಪಾಲು. ಕಪ್ಪು ಬಾವಲಿಯ ವೇಷದ ಮಗು ಕತ್ತಲಲ್ಲಿ ಕಾರಿನವನಿಗೆ ಕಾಣದು. ಮುಖವಾಡದ ಎರಡು ತೂತುಗಳಿಂದ ಮಗುವಿಗೆ ಪಕ್ಕದಿಂದ ಬರುವ ಕಾರು ಕಾಣದು. ಮುಖವಾಡದ ಬದಲು ಮುಖಕ್ಕೆ ಅಲ್ಪ ಬಣ್ಣ ಹಚ್ಚಿ (ಅದನ್ನೂ ಎರಡು ದಿನ ಮೊದಲು ತೋಳಿಗೆ ಸ್ವಲ್ಪ ಸವರಿ ನೋಡಿ), ಅಂಚನ್ನು ಹಿಮ್ಮಡಿಯ ಮೇಲಕ್ಕೆ ಮಡಿಸಿ ಹೊಲಿದು, ಬೆನ್ನಿಗೂ ತೋಳಿಗೂ ಬೆಳಕಿಗೆ ಹೊಳೆಯುವ ಪಟ್ಟಿಯನ್ನು ಅಂಟಿಸಿ, ಕಾಲಿಗೆ ರಾಜಕುಮಾರಿಯ ಗಾಜಿನಂತಹ ಪಾದರಕ್ಷೆಯ ಬದಲು ದಿನದ ಬೂಟನ್ನೇ ಹಾಕಿಸಬೇಕು. ವೇಷದ ಅಂದ ಕೆಡುವುದೆಂದು ಆಕ್ಷೇಪಿಸುವ ದೊಡ್ಡವರಿಗೆ ಈ ಲೆಕ್ಕವೇ ಉತ್ತರ.

ಬೆಂಗಳೂರಿನ ಕೆಲವು ವಸತಿ ಸಮುಚ್ಚಯಗಳಿಗೂ ಶಿಶುವಿಹಾರಗಳಿಗೂ ಈ ಹಬ್ಬ ಈಗ ಬಂದಿರುವುದರಿಂದ, ನಮ್ಮ ಶಾಲೆಗಳ ಛದ್ಮವೇಷಕ್ಕೂ ಸಲ್ಲುವ ಒಂದು ಮಾತನ್ನು ಇಲ್ಲಿ ಸೇರಿಸುತ್ತೇವೆ. ರಟ್ಟಿನ ಬದನೆಕಾಯಿಯೊಳಗೆ ಸಿಕ್ಕಿಕೊಂಡು ಕೂರಲಾರದೆ, ಬಾಗಲಾರದೆ, ಬಹಿರ್ದೆಸೆಗೆ ಅವಸರವಾದಾಗ ಹೇಳಲೂ ನಾಚಿ ವೇದಿಕೆಯ ಪಕ್ಕದಲ್ಲಿ ನಿಂತಿರುವ ಮಗುವನ್ನು ಕಂಡವರಿಗೆ ಇದರ ಮಹತ್ವ ತಿಳಿದೀತು. ಮಗು ತಾನಾಗಿಯೇ ಬಿಚ್ಚಿಕೊಳ್ಳಲು ಬಾರದ ವೇಷ ಆ ಮಗುವಿಗೆ ದೊಡ್ಡದು. ಕೊಂಡುತಂದ ದಿನವೇ ಅದನ್ನು ಪೆಟ್ಟಿಗೆಯಿಂದ ತೆಗೆದು, ಅದರ ಎದುರಿಗೆ ತಾಯಿಯೋ ತಂದೆಯೋ ಟೋಪಿಯನ್ನು ಹಾಕಿ ತೆಗೆದು, ಮತ್ತೆ ಹಾಕಿ ತೆಗೆದು ತೋರಿಸಲಿ. ನಾಲ್ಕಾರು ದಿನ ಮನೆಯಲ್ಲಿಯೇ ಹಾಕಿಕೊಂಡು ಆಡಲಿ. ಹೀಗೆ ಮಾಡಿದ ಮೇಲೂ ಹಬ್ಬದ ಸಂಜೆ ಮಗು ಬೇಡವೆಂದು ಅತ್ತರೆ, ಕೊಟ್ಟ ಹಣವನ್ನು ಮರೆತು, ದಿನದ ಅಂಗಿಯಲ್ಲಿಯೇ ಅದನ್ನು ಬೆಳಕಿರುವಾಗ ನಾಲ್ಕು ಪರಿಚಿತರ ಮನೆಗೆ ಕರೆದೊಯ್ದು ಬರಬಹುದು. ವೇಷವಿಲ್ಲವೆಂದು ಮಿಠಾಯಿ ಕೊಡದೆ ಕಳುಹಿಸುವ ನೆರೆಯವರು ಆ ದೇಶದಲ್ಲಿಯೂ ವಿರಳ.